ಭದ್ರಾ ಹಿನ್ನೀರಿನ ರೀವ ಯಾವ ದೇಶದ ಹಕ್ಕಿ?

"ಏಪ್ರಿಲ್‌ನಲ್ಲಿ ಲಕ್ಕವಳ್ಳಿಗೆ ಬಂದರೆ ವಿದೇಶಿ ಹಕ್ಕಿ ಸಿಗ್ತಾವಾ?" ಭದ್ರಾ ಅಣೆಕಟ್ಟು ಇರುವ ಲಕ್ಕವಳ್ಳಿಯ ಬಗ್ಗೆ ಪ್ರತಿ ಬೇಸಿಗೆಯಲ್ಲೂ ಇದೇ ಪ್ರಶ್ನೆ. ಎಷ್ಟು ಸಲ ಉತ್ತರ ಹೇಳಿದ್ದೇನೋ ಲೆಕ್ಕವಿಲ್ಲ. ಈ ಸಲ ಪೂರ್ತಿ ಬರೆದುಬಿಡುತ್ತೇನೆ.

ಖಂಡಿತ ಬನ್ನಿ. ಹಕ್ಕಿ ಕಣ್ತುಂಬ ಸಿಗುತ್ತವೆ. ಆದರೆ ಅವು ನಮ್ಮವೇ.

ಭದ್ರಾ ಹಿನ್ನೀರಿನ ನಡುಗಡ್ಡೆಗಳಲ್ಲಿ ಗುಂಪು ಗುಂಪಾಗಿ ಮೊಟ್ಟೆ ಇಡುವುದು ನದಿ ರೀವ, ಎಲ್ಲರೂ ಹೇಳುವ ರಿವರ್ ಟರ್ನ್. ಹಳದಿ ಕೊಕ್ಕು, ಕಪ್ಪು ನೆತ್ತಿ, ಕವಲೊಡೆದ ಉದ್ದ ಬಾಲ. ಭಾರತದ ನದಿ, ಕೆರೆಗಳಲ್ಲಿ ವರ್ಷವಿಡೀ ಇರುವ ಹಕ್ಕಿ ಇದು. "ಸೈಬೀರಿಯಾದಿಂದ ಬಂದು ಇಲ್ಲಿ ಮರಿ ಮಾಡಿ ಹೋಗುತ್ತೆ" ಅನ್ನುವ ಮಾತು ಮಾತ್ರ ಹೋಗುತ್ತಲೇ ಇಲ್ಲ.

ಸ್ವಲ್ಪ ಯೋಚಿಸಿ ನೋಡಿ. ವಲಸೆ ಹಕ್ಕಿ ಇಲ್ಲಿಗೆ ಬರುವುದು ಅಲ್ಲಿನ ಚಳಿ ತಾಳಲಾರದೆ. ಗದಗ ಜಿಲ್ಲೆಯ ಮಾಗಡಿ ಕೆರೆಗೆ ಪಟ್ಟೆತಲೆ ಹೆಬ್ಬಾತು ಬರುತ್ತವಲ್ಲ, ಅವು ಚಳಿಗಾಲವಿಡೀ ಹೊಲದಲ್ಲಿ ಮೇಯುತ್ತವೆ. ಬಿಸಿಲೇರುತ್ತಿದ್ದಂತೆ ಟಿಬೆಟ್, ಮಂಗೋಲಿಯಾ ಕಡೆ ಹಾರಿಬಿಡುತ್ತವೆ. ಮರಿ ಮಾಡುವುದು ಅಲ್ಲಿ. ಮಾಗಡಿಯಲ್ಲಿ ಹೆಬ್ಬಾತಿನ ಮರಿ ನೋಡಿದವರು ಯಾರಾದರೂ ಇದ್ದಾರಾ? ಇಲ್ಲ ಅಲ್ವಾ. ಹಾಗಿದ್ದ ಮೇಲೆ ಏಪ್ರಿಲ್‌ನ ಉರಿಯಲ್ಲಿ ಮೊಟ್ಟೆಯ ಮೇಲೆ ಕೂತ ಹಕ್ಕಿ ಸೈಬೀರಿಯಾದ್ದು ಹೇಗಾದೀತು? ಕೊಕ್ಕರೆ ಬೆಳ್ಳೂರಿನ ಜನ ಅಲ್ಲಿ ಗೂಡು ಕಟ್ಟುವ ಹೆಜ್ಜಾರ್ಲೆಗಳನ್ನು (ಪೆಲಿಕನ್) ಹೆರಿಗೆಗೆ ತವರಿಗೆ ಬಂದ ಮಗಳು ಅನ್ನುತ್ತಾರೆ. ರೀವಕ್ಕೂ ತವರು ಇದೇ.

ಗೊಂದಲ ಯಾಕೆ ಹುಟ್ಟಿತು ಅಂತಲೂ ಗೊತ್ತಾಗುತ್ತದೆ. ಮಳೆಗಾಲದಲ್ಲಿ ಇವು ಅಲ್ಲಲ್ಲಿ ಚದುರಿರುತ್ತವೆ, ಬೇಸಿಗೆ ಹತ್ತಿರವಾದಾಗ ಒಮ್ಮೆಲೇ ಸೇರುತ್ತವೆ. ನೋಡಿದವರಿಗೆ ದೂರದಿಂದ ಬಂದಂತೆ ಕಾಣುತ್ತದೆ. ಜೊತೆಗೆ ಇದರ ದಾಯಾದಿ ಆರ್ಕ್ಟಿಕ್ ಟರ್ನ್ ಉತ್ತರ ಧ್ರುವದಿಂದ ದಕ್ಷಿಣ ಧ್ರುವದವರೆಗೆ ಹಾರುತ್ತದೆ. ಅದರ ಕಥೆ ಇದಕ್ಕೂ ಅಂಟಿಕೊಂಡಿರಬೇಕು.

ಬೇಸಿಗೆಯೇ ಯಾಕೆ? ಭದ್ರಾ ಅಣೆಕಟ್ಟು ತುಂಬಿದಾಗ ನೀರಿನ ಮಟ್ಟ 186 ಅಡಿ. ನಾಲೆಗೆ ನೀರು ಬಿಡುತ್ತಾ ಬಂದಂತೆ ಮಟ್ಟ ಇಳಿದು ಕಲ್ಲುಮಣ್ಣಿನ ದಿಬ್ಬಗಳು ಮೇಲೇಳುತ್ತವೆ. ಸುತ್ತ ನೀರು, ನರಿ ಬರಲಾರದು. ಬರಿ ನೆಲದಲ್ಲಿ ಸಣ್ಣ ಗುಳಿ, ಅದರಲ್ಲಿ ಎರಡು ಮೂರು ಮೊಟ್ಟೆ, ಅಷ್ಟೇ ಗೂಡು. ಮಧ್ಯಾಹ್ನ ಮೊಟ್ಟೆಗೆ ಕಾವಿಗಿಂತ ನೆರಳೇ ಜಾಸ್ತಿ ಬೇಕು. ದೋಣಿ ತೀರಾ ಹತ್ತಿರ ಹೋದರೆ ಹಕ್ಕಿ ಎದ್ದುಬಿಡುತ್ತದೆ, ಮೊಟ್ಟೆ ಬಿಸಿಲಿಗೆ ಬೇಯುತ್ತದೆ. ದಯವಿಟ್ಟು ಫೋಟೋಗೋಸ್ಕರ ದಿಬ್ಬದ ಮೇಲೆ ಇಳಿಯಬೇಡಿ. ಬೆಳಗ್ಗೆ ಬೇಗ ಹೋಗಿ, ದೂರದಿಂದ ಬೈನಾಕ್ಯುಲರ್‌ನಲ್ಲಿ ನೋಡಿ. ಗಂಡು ಮೀನು ತಂದು ಹೆಣ್ಣಿಗೆ ಕೊಡುವುದು ಅಲ್ಲಿಂದಲೇ ಚೆನ್ನಾಗಿ ಕಾಣುತ್ತದೆ.

ಅಣೆಕಟ್ಟು ಇಲ್ಲದ ಕಾಲದಲ್ಲಿ ಏನು ಮಾಡುತ್ತಿದ್ದವು? ಇದನ್ನು ಯಾರೂ ಕೇಳುವುದಿಲ್ಲ, ನನಗೆ ಮಾತ್ರ ಇದೇ ದೊಡ್ಡ ಪ್ರಶ್ನೆ. ನದಿ ನಡುವಿನ ಮರಳುದಿಬ್ಬಗಳೇ ಇವುಗಳ ಮೂಲ ಜಾಗ. ಆ ಮರಳು ಅರ್ಧ ಅಣೆಕಟ್ಟುಗಳ ಹಿಂದೆ ನಿಂತಿತು, ಅರ್ಧ ಲಾರಿ ಹತ್ತಿತು. ಈಗ ನದಿ ರೀವ ಅಪಾಯದಲ್ಲಿರುವ ಹಕ್ಕಿಗಳ ಜಾಗತಿಕ ಪಟ್ಟಿಯಲ್ಲಿದೆ. ಹಿನ್ನೀರಿನ ದಿಬ್ಬ ಕಳೆದುಹೋದ ಮರಳಿಗೆ ಬದಲಿ, ಆದರೆ ನಂಬಿಕೆಯ ಜಾಗವಲ್ಲ. ಮಳೆ ಬೇಗ ಬಂದರೆ ಹಾರಲು ಬಾರದ ಮರಿಗಳಿರುವಾಗಲೇ ಮುಳುಗುತ್ತದೆ. ನೀರು ತೀರಾ ಇಳಿದರೆ ದಡಕ್ಕೆ ಕೂಡಿಕೊಂಡು ನಾಯಿಗಳು ನಡೆದೇ ಬರುತ್ತವೆ. ಅದಕ್ಕೇ ನಾನು ಹೊರಡುವ ಮೊದಲು ಅಣೆಕಟ್ಟಿನ ನೀರಿನ ಮಟ್ಟ ಎಷ್ಟಿದೆ ಅಂತ ಕೇಳಿಕೊಳ್ಳುತ್ತೇನೆ.