ಔಷಧದ ಕಪಾಟಿನಿಂದ ಬಂದ ಕೊಲೆಗಳು

ಮೊದಲ ಮಹಾಯುದ್ಧದ ಕಾಲ. ಇಂಗ್ಲೆಂಡಿನ ಕಡಲತೀರದ ಊರು ಟಾರ್ಕೀ. ಅಲ್ಲಿನ ಒಂದು ಔಷಧದಂಗಡಿಯಲ್ಲಿ, ಮುಂದೆ ಪತ್ತೇದಾರಿ ಕಾದಂಬರಿಗಳಿಗೆ ಹೆಸರಾದ ಅಗಾಥಾ ಕ್ರಿಸ್ಟಿ ಔಷಧ ಬೆರೆಸುವುದನ್ನು ಕಲಿಯುತ್ತಿದ್ದರು. ಒಂದು ದಿನ ಅಂಗಡಿಯ ಹಿರಿಯರು ಸಪೊಸಿಟರಿ, ಅಂದರೆ ಗುದದ್ವಾರದೊಳಗೆ ಇಡುವ ಗುಳಿಗೆ, ತಯಾರಿಸಿ ತೋರಿಸಿದರು. ಲೆಕ್ಕದಲ್ಲಿ ದಶಮಾಂಶದ ಚುಕ್ಕಿ ಪಕ್ಕಕ್ಕೆ ಸರಿದಿತ್ತು. ಅಂದರೆ ಔಷಧ ಹತ್ತು ಪಟ್ಟು ಜಾಸ್ತಿ. ಅದು ಅಗಾಥಾ ಕಣ್ಣಿಗೆ ಬಿತ್ತು. ಆದರೆ ಊರಲ್ಲಿ ಹೆಸರಿದ್ದ ಮನುಷ್ಯನಿಗೆ, ಕಲಿಯಲು ಬಂದ ಹುಡುಗಿ ತಪ್ಪು ತೋರಿಸುವುದು ಹೇಗೆ? ಎಡವಿದಂತೆ ಮಾಡಿ, ಗುಳಿಗೆಗಳನ್ನು ಇಟ್ಟಿದ್ದ ಇಡೀ ಹಲಗೆ ಕೆಡವಿದರು. ಬಿದ್ದದ್ದನ್ನು ಕಾಲಿಂದ ಗಟ್ಟಿಯಾಗಿ ತುಳಿದರು. ಆಮೇಲೆ ಕ್ಷಮೆ ಕೇಳಿದರು. ಆತ್ಮಕತೆಯಲ್ಲಿ ಅವರೇ ಇದನ್ನು ಬರೆದಿದ್ದಾರೆ.

ಕ್ರಿಸ್ಟಿ ಕಾದಂಬರಿಗಳಲ್ಲಿ ಇಷ್ಟೊಂದು ವಿಷ ಯಾಕೆ ಅಂತ ಯಾರಾದರೂ ಕೇಳಿದರೆ ನನಗೆ ಮೊದಲು ನೆನಪಾಗುವುದು ಆ ಹಲಗೆ. ವಿಷ ಅವರಿಗೆ ಕಥೆ ಕಟ್ಟಲು ಹುಡುಕಿ ತಂದ ವಸ್ತು ಆಗಿರಲಿಲ್ಲ. ದಿನಾ ಕೈಯಲ್ಲಿ ಹಿಡಿಯುತ್ತಿದ್ದ, ದಿನಾ ಹೆದರುತ್ತಿದ್ದ ವಸ್ತು.

1914ರಲ್ಲಿ ಯುದ್ಧ ಶುರುವಾದಾಗ ಅವರು ಟಾರ್ಕೀಯ ರೆಡ್ ಕ್ರಾಸ್ ಆಸ್ಪತ್ರೆಗೆ ದಾದಿಯಾಗಿ ಸೇರಿದರು. ಆಮೇಲೆ ಅಲ್ಲೇ ಔಷಧ ವಿಭಾಗಕ್ಕೆ ಹೋದರು. ನಮ್ಮಲ್ಲಿ ಹಿಂದೆ ಕಂಪೌಂಡರ್ ಮಾಡುತ್ತಿದ್ದರಲ್ಲ, ಬಣ್ಣದ ನೀರಿನಂಥ ಮಿಕ್ಸ್ಚರ್ ಬೆರೆಸಿ, ಬಾಟಲಿಗೆ ಕಾಗದದ ಗುರುತು ಅಂಟಿಸಿ ಕೊಡುವುದು, ಹೆಚ್ಚುಕಡಿಮೆ ಅದೇ ಕೆಲಸ. ಒಮ್ಮೊಮ್ಮೆ ಗಂಟೆಗಟ್ಟಲೆ ಯಾರೂ ಬರುತ್ತಿರಲಿಲ್ಲ. ಪತ್ತೇದಾರಿ ಕಾದಂಬರಿ ಬರೆಯೋದು ನಿನ್ನಿಂದ ಆಗಲ್ಲ ಅಂತ ಅಕ್ಕ ಮ್ಯಾಜ್ ಹಿಂದೊಮ್ಮೆ ಹೇಳಿದ್ದಳು. ಸುತ್ತಲೂ ನೋಡಿದರೆ ಕಪಾಟಿನ ತುಂಬ ವಿಷ. ಮೊದಲ ಕಾದಂಬರಿಯ ಯೋಚನೆ ಅಲ್ಲೇ ಶುರುವಾಯಿತು. ಟಾರ್ಕೀಗೆ ಬಂದಿದ್ದ ಬೆಲ್ಜಿಯಂ ನಿರಾಶ್ರಿತರನ್ನು ನೋಡಿ ಪತ್ತೇದಾರ ಪ್ವಾರೋ ಹುಟ್ಟಿದ.

ಆ ಮೊದಲ ಕಾದಂಬರಿ 'ದಿ ಮಿಸ್ಟೀರಿಯಸ್ ಅಫೇರ್ ಅಟ್ ಸ್ಟೈಲ್ಸ್' 1920ರಲ್ಲಿ ಅಮೆರಿಕದಲ್ಲಿ, ಮರುವರ್ಷ ಇಂಗ್ಲೆಂಡಿನಲ್ಲಿ ಬಂತು. ಅದರಲ್ಲಿರುವ ವಿಷ ಸ್ಟ್ರಿಕ್ನಿನ್. ನಮ್ಮ ಕಾಡುಗಳ ಕಾಸರಕನ ಮರದ ಬೀಜದಲ್ಲಿರುವುದೂ ಇದೇ ವಿಷ. ಆ ಕಾಲದಲ್ಲಿ ಇದನ್ನು ತೀರಾ ಸ್ವಲ್ಪ ಸೇರಿಸಿ ಟಾನಿಕ್ ಮಾಡುತ್ತಿದ್ದರು.

ಕೊಲೆಗಾರ ಯಾರು ಅಂತ ನಾನು ಹೇಳುವುದಿಲ್ಲ. ಉಪಾಯ ಮಾತ್ರ ಹೇಳುತ್ತೇನೆ. ಟಾನಿಕ್ ಬಾಟಲಿಗೆ ನಿದ್ದೆಗೆ ಕೊಡುವ ಬ್ರೋಮೈಡ್ ಪುಡಿ ಸೇರಿಸಿದರೆ, ಸ್ಟ್ರಿಕ್ನಿನ್ ಕರಗಿದ ಸ್ಥಿತಿಯಲ್ಲಿ ಉಳಿಯುವುದಿಲ್ಲ. ಹರಳಾಗಿ ತಳಕ್ಕೆ ಇಳಿಯುತ್ತದೆ. ಬಾಟಲಿ ಅಲುಗಾಡಿಸದೆ ದಿನಾ ಮೇಲಿನದನ್ನೇ ಬಗ್ಗಿಸಿ ಕುಡಿದರೆ ಏನೂ ಆಗುವುದಿಲ್ಲ. ಕೊನೆಯ ದಿನದ ಗುಟುಕಿನಲ್ಲಿ ಅಷ್ಟೂ ವಿಷ ಒಟ್ಟಿಗೆ ಹೊಟ್ಟೆಗೆ ಹೋಗುತ್ತದೆ. ಹೊರಗಿಂದ ಹನಿ ವಿಷ ತರುವ ಅಗತ್ಯವೇ ಇಲ್ಲ! ಔಷಧ ಬೆರೆಸಿ ಗೊತ್ತಿದ್ದವರಿಗೆ ಮಾತ್ರ ಹೊಳೆಯುವ ಉಪಾಯ ಇದು, ಅಲ್ವಾ? ಔಷಧ ತಯಾರಕರ ಪತ್ರಿಕೆಯೇ ಈ ಕಾದಂಬರಿಯನ್ನು ಮೆಚ್ಚಿ ಬರೆಯಿತು.

ಮುಂದೆ ಸಯನೈಡ್, ಮಾರ್ಫಿನ್, ಹೆಮ್ಲಾಕ್ ಗಿಡದ ವಿಷ ಎಲ್ಲ ಬಂದವು. ಎರಡನೇ ಮಹಾಯುದ್ಧದಲ್ಲಿ ಅವರು ಮತ್ತೆ ಲಂಡನ್ನಿನ ಯೂನಿವರ್ಸಿಟಿ ಕಾಲೇಜ್ ಆಸ್ಪತ್ರೆಯ ಔಷಧ ವಿಭಾಗದಲ್ಲಿ ಕೆಲಸ ಮಾಡಿದರು.

ಹಲಗೆ ಕೆಡವಿಸಿಕೊಂಡ ಆ ಹಿರಿಯರನ್ನು ಮಾತ್ರ ಅವರು ಮರೆಯಲಿಲ್ಲ. ಒಮ್ಮೆ ಆತ ಜೇಬಿನಿಂದ ಕಪ್ಪು ಉಂಡೆಯೊಂದನ್ನು ತೆಗೆದು ತೋರಿಸಿದ್ದರು. ಅದು ಕ್ಯುರಾರೆ. ದಕ್ಷಿಣ ಅಮೆರಿಕದಲ್ಲಿ ಬಾಣದ ತುದಿಗೆ ಹಚ್ಚುವ ವಿಷ. ಅದು ಜೇಬಿನಲ್ಲಿದ್ದರೆ ತನಗೆ ಶಕ್ತಿ ಇದೆ ಅನಿಸುತ್ತದೆ ಅಂತ ಆತ ಹೇಳಿದ್ದರು. ಎಷ್ಟೋ ವರ್ಷಗಳ ನಂತರ, 1961ರಲ್ಲಿ ಬಂದ 'ದಿ ಪೇಲ್ ಹಾರ್ಸ್' ಕಾದಂಬರಿಯ ಹಿಂದೆ ಆ ಮುಖವೇ ಇತ್ತು. ಅದರಲ್ಲಿ ಬಳಸಿದ ವಿಷ ಥ್ಯಾಲಿಯಂ ಎಂಬ ಲೋಹದ ಲವಣ. ಬಣ್ಣವಿಲ್ಲ, ವಾಸನೆಯಿಲ್ಲ. ಬೇರೆ ಯಾವುದೋ ಕಾಯಿಲೆ ಅಂತಲೇ ವೈದ್ಯರಿಗೂ ಅನಿಸುತ್ತದೆ. ಒಂದೇ ಸುಳಿವು, ಕೂದಲು ಉದುರುವುದು.

ಹತ್ತು ವರ್ಷದ ನಂತರ, 1971ರಲ್ಲಿ, ಗ್ರಹಾಂ ಯಂಗ್ ಎಂಬಾತ ಜೊತೆಗೆ ಕೆಲಸ ಮಾಡುವವರ ಚಹಾಕ್ಕೆ ಥ್ಯಾಲಿಯಂ ಹಾಕಿ ಇಬ್ಬರನ್ನು ಕೊಂದ. ಕೊಲೆಗಾರನಿಗೆ ದಾರಿ ತೋರಿಸಿದ್ದು ಕ್ರಿಸ್ಟಿಯ ಪುಸ್ತಕವೇ ಎಂಬ ಮಾತು ಎದ್ದಿತು. ನನ್ನ ಪ್ರಕಾರ ಅದು ಅನ್ಯಾಯದ ಮಾತು. ಯಂಗ್ 14ನೇ ವಯಸ್ಸಿಗೇ ಮನೆಯವರಿಗೆ ವಿಷ ಹಾಕಿ ಸಿಕ್ಕಿಬಿದ್ದವನು. ಅವನಿಗೆ ಕಾದಂಬರಿ ಓದಿ ಕಲಿಯಬೇಕಾದದ್ದು ಏನೂ ಇರಲಿಲ್ಲ.

1976ರ ಜನವರಿಯಲ್ಲಿ ಕ್ರಿಸ್ಟಿ ತೀರಿಕೊಂಡರು. ಮರುವರ್ಷ ಕತಾರ್‌ನಿಂದ 19 ತಿಂಗಳ ಹೆಣ್ಣುಮಗುವೊಂದನ್ನು ಲಂಡನ್ನಿನ ಹ್ಯಾಮರ್‌ಸ್ಮಿತ್ ಆಸ್ಪತ್ರೆಗೆ ತಂದರು. ಮಗುವಿಗೆ ಅರೆಪ್ರಜ್ಞೆ. ವೈದ್ಯರಿಗೆ ಕಾಯಿಲೆ ಏನೆಂದು ಗೊತ್ತಾಗುತ್ತಿಲ್ಲ. ಮಗುವನ್ನು ನೋಡಿಕೊಳ್ಳುತ್ತಿದ್ದ ದಾದಿಯೊಬ್ಬಳು ಆಗ ಓದುತ್ತಿದ್ದದ್ದು 'ದಿ ಪೇಲ್ ಹಾರ್ಸ್'. ಮಗುವಿನ ಕೂದಲು ಉದುರುತ್ತಿರುವುದನ್ನು ಅವಳು ಗಮನಿಸಿದಳು. ಇದು ಥ್ಯಾಲಿಯಂ ಇರಬಹುದಾ ಅಂತ ವೈದ್ಯರನ್ನು ಕೇಳಿದಳು. ಪರೀಕ್ಷೆ ಮಾಡಿಸಿದರೆ ಅದೇ ಆಗಿತ್ತು. ಮನೆಯಲ್ಲಿ ಜಿರಳೆ, ಇಲಿಗೆ ಇಡುತ್ತಿದ್ದ ವಿಷ ಮಗುವಿನ ಹೊಟ್ಟೆ ಸೇರಿತ್ತು. ಚಿಕಿತ್ಸೆ ಬದಲಾಯಿತು. ಮಗು ಚೇತರಿಸಿಕೊಂಡಿತು. ಈ ಪ್ರಕರಣದ ಬಗ್ಗೆ ವೈದ್ಯಕೀಯ ಪತ್ರಿಕೆಗೆ ಬರೆದ ವೈದ್ಯರು ಕೊನೆಯಲ್ಲಿ ಅಗಾಥಾ ಕ್ರಿಸ್ಟಿಗೂ ಕೃತಜ್ಞತೆ ಹೇಳಿದರು.