ಮೈನಸ್ ಇಪ್ಪತ್ತರಲ್ಲಿ ಹೀಟ್ ಪಂಪ್: ಕೆಟ್ಟ ಹೆಸರು ಬಂದದ್ದು ಹೇಗೆ, ಕಳಚಿದ್ದು ಹೇಗೆ

ಮನೆ ಬೆಚ್ಚಗಿಡುವ ಹೀಟ್ ಪಂಪ್ ಬಗ್ಗೆ ಒಂದು ಮಾತು ಅರ್ಧ ಶತಮಾನದಿಂದ ಬೆನ್ನು ಬಿಟ್ಟಿಲ್ಲ: ‘ಚಳಿ ಸಾಧಾರಣ ಇದ್ದಾಗ ಚೆನ್ನಾಗೇ ನಡೆಯುತ್ತೆ, ನಿಜವಾಗಿ ಬೇಕಾದಾಗ ಕೈಕೊಡುತ್ತೆ.’ ಹೇಳಿದವರು ಸುಳ್ಳು ಹೇಳಿರಲಿಲ್ಲ. ಅವರ ಮನೆಯಲ್ಲಿದ್ದ ಯಂತ್ರ ಹಾಗೇ ಇತ್ತು. ಆ ತಲೆಮಾರಿನ ಯಂತ್ರಗಳು ಗುಜರಿ ಸೇರಿ ಎಷ್ಟೋ ವರ್ಷವಾದವು, ಮಾತು ಮಾತ್ರ ಉಳಿದುಕೊಂಡಿದೆ.

ಗೋಡೆಗೆ ನೇತುಹಾಕುವ ಸ್ಪ್ಲಿಟ್ ಎಸಿ ಉಲ್ಟಾ ಕೆಲಸ ಮಾಡಿದರೆ ಅದೇ ಮಿನಿ-ಸ್ಪ್ಲಿಟ್ ಹೀಟ್ ಪಂಪ್. ಒಳಗಿನ ಶಾಖವನ್ನು ಹೊರಗೆ ಎಸೆಯುವ ಬದಲು ಹೊರಗಿನದನ್ನು ಒಳಗೆ ತರುತ್ತದೆ. ಹೊರಗೆ ಮೈನಸ್ 20 ಡಿಗ್ರಿ ಇರುವಾಗ ತರುವುದಕ್ಕೆ ಏನಿದೆ ಎಂದು ಯಾರಿಗಾದರೂ ಅನ್ನಿಸುತ್ತದೆ. ಆದರೆ ಶಾಖ ಪೂರ್ತಿ ಇಲ್ಲವಾಗುವುದು ಮೈನಸ್ 273ರಲ್ಲಿ. ಮೈನಸ್ 20 ಅಲ್ಲಿಂದ ಬಹಳ ದೂರ. ಕೊಳವೆಯಲ್ಲಿ ಹರಿಯುವ ಶೀತಕ ದ್ರವ ಹೊರಗಾಳಿಗಿಂತ ತಣ್ಣಗಿದ್ದರೆ ಸಾಕು, ಶಾಖ ತಾನಾಗಿ ಅದಕ್ಕೆ ಇಳಿಯುತ್ತದೆ. ಇತ್ತೀಚಿನ ದಶಕಗಳ ಯಂತ್ರಗಳಲ್ಲಿ ಬಳಕೆಯಾದ ಆರ್-410ಎ, ಆರ್-32 ಎಂಬ ಶೀತಕಗಳೆರಡೂ ವಾತಾವರಣದ ಒತ್ತಡದಲ್ಲಿ ಮೈನಸ್ 51ರ ಆಸುಪಾಸಿನಲ್ಲಿ ಕುದಿಯುತ್ತವೆ. ಹಾಗಾಗಿ ಶಾಖ ಸಿಕ್ಕೇ ಸಿಗುತ್ತದೆ. ಕಷ್ಟ ಇರುವುದು ಅದನ್ನು ಮೇಲೆತ್ತುವುದರಲ್ಲಿ, ಅಂದರೆ ಕುದಿದು ಅನಿಲವಾದ ಶೀತಕವನ್ನು ಕಂಪ್ರೆಸರ್ ಎಂಬ ಭಾಗದಲ್ಲಿ ಅದುಮಿ ಕೋಣೆಗಿಂತ ಬಿಸಿ ಮಾಡುವುದರಲ್ಲಿ. ಬಾವಿಯ ನೀರು ತಳ ಕಂಡಾಗಲೂ ಕೊಡ ತುಂಬುತ್ತದೆ, ಸೇದುವವರ ರಟ್ಟೆ ಮಾತ್ರ ಸೋಲುತ್ತದೆ.

ಹೀಗೊಂದು ಯಂತ್ರದಿಂದ ಕಟ್ಟಡ ಬಿಸಿ ಮಾಡಬಹುದು ಎಂದು ವಿಲಿಯಂ ಥಾಮ್ಸನ್, ಅಂದರೆ ಮುಂದೆ ಲಾರ್ಡ್ ಕೆಲ್ವಿನ್ ಆದವರು, 1852ರಲ್ಲೇ ಲೆಕ್ಕ ಹಾಕಿ ತೋರಿಸಿದ್ದರು. ಕಲ್ಲಿದ್ದಲು ಅಗ್ಗವಾಗಿದ್ದ ಕಾಲ; ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ದೊಡ್ಡ ಮಟ್ಟದಲ್ಲಿ ಅದನ್ನು ನಂಬಿದವರು ಸ್ವಿಸ್ಸರು. ಕಲ್ಲಿದ್ದಲನ್ನು ಹೊರಗಿನಿಂದ ತರಿಸಿಕೊಳ್ಳಬೇಕಾಗಿದ್ದ, ಜಲವಿದ್ಯುತ್ ಮಾತ್ರ ಧಾರಾಳವಾಗಿದ್ದ ದೇಶ ಅದು. 1938ರ ಹೊತ್ತಿಗೆ ಜೂರಿಕ್‌ನ ಪುರಭವನಕ್ಕೆ ಹೀಟ್ ಪಂಪ್ ಬಂತು. 2001ರವರೆಗೂ ಅದು ಕೆಲಸ ಮಾಡಿತು. ಆದರೆ ಅದು ಶಾಖ ಎಳೆಯುತ್ತಿದ್ದುದು ಪಕ್ಕದಲ್ಲೇ ಹರಿಯುವ ಲಿಮ್ಮಾಟ್ ನದಿಯ ನೀರಿನಿಂದ. ಎಂಥ ಚಳಿಗಾಲದಲ್ಲೂ ಹರಿಯುವ ನೀರು ಸೊನ್ನೆಗಿಂತ ಕೆಳಗಿಳಿಯುವುದಿಲ್ಲ. ಹೊರಗಾಳಿಯನ್ನೇ ನಂಬಿಕೊಂಡ ಯಂತ್ರಕ್ಕೆ ಆ ಭಾಗ್ಯವಿಲ್ಲ. ಈ ವ್ಯತ್ಯಾಸವನ್ನು ಮರೆತು ‘ಹೀಟ್ ಪಂಪ್ 1938ರಿಂದಲೂ ಚಳಿದೇಶದಲ್ಲಿ ಓಡುತ್ತಿದೆ’ ಎನ್ನುವ ಮಾರಾಟದ ಮಾತನ್ನು ಸ್ವಲ್ಪ ಉಪ್ಪು-ಖಾರ ಕಳೆದೇ ಕೇಳಬೇಕು.

ಹೆಸರು ಕೆಟ್ಟದ್ದು ಎರಡನೇ ಮಹಾಯುದ್ಧದ ನಂತರ, ಅಮೆರಿಕದಲ್ಲಿ. 1950ರ ದಶಕದಲ್ಲಿ ಮಾರಾಟಕ್ಕೆ ಬಂದ ಗಾಳಿಯ ಹೀಟ್ ಪಂಪ್‌ಗಳು ಮೂಲದಲ್ಲಿ ತಂಪು ಮಾಡಲು ಕಟ್ಟಿದ ಎಸಿಗಳು. ಚಳಿಗಾಲದ ಕೆಲಸವನ್ನು ಮೇಲಿಂದ ಹೊರಿಸಲಾಗಿತ್ತು. ಕುದಿಯದೆ ಉಳಿದ ದ್ರವ ಕಂಪ್ರೆಸರ್‌ಗೆ ವಾಪಸ್ ನುಗ್ಗುತ್ತಿತ್ತು. ಅನಿಲವನ್ನು ಅದುಮಬಹುದು, ದ್ರವವನ್ನು ಅದುಮಲಾಗದು, ಕವಾಟಗಳು ಮುರಿಯುತ್ತಿದ್ದವು. 1973ರ ತೈಲ ಬಿಕ್ಕಟ್ಟು ಬಂದಾಗ ಎಣ್ಣೆ ಬೇಡವೆಂದು ಜನ ಮತ್ತೆ ಇದರತ್ತ ಹೊರಳಿದರು. ಆ ಯಂತ್ರಗಳ ಕಂಪ್ರೆಸರ್‌ಗೆ ಗೊತ್ತಿದ್ದದ್ದು ಎರಡೇ: ಪೂರ್ತಿ ವೇಗದಲ್ಲಿ ಓಡುವುದು, ನಿಲ್ಲುವುದು. ಚಳಿ ಏರಿದಾಗ ಸಾಲದೇ ಬಂದ ಶಾಖವನ್ನು ತುಂಬಿಕೊಡಲು ಒಳಗೆ ವಿದ್ಯುತ್ ಕಾಯಿಲ್ ಕೆಂಪಗಾಗುತ್ತಿತ್ತು. ತಿಂಗಳ ಕೊನೆಗೆ ಬಿಲ್ ನೋಡಿದವರು ಬೈದದ್ದು ಹೀಟ್ ಪಂಪನ್ನು. ಕರೆಂಟು ಕುಡಿದಿದ್ದು ಕಾಯಿಲ್.

ದಾರಿ ತಿರುಗಿದ್ದು ಜಪಾನಿನಲ್ಲಿ. ಅಲ್ಲಿ ಇಡೀ ಮನೆ ಬಿಸಿ ಮಾಡುವ ರೂಢಿ ಕಡಿಮೆ. ಕೂರುವ ಕೋಣೆಯನ್ನಷ್ಟೇ ಬೆಚ್ಚಗಿಡುತ್ತಿದ್ದರು. ಒಂದು ಕೋಣೆಗೆ ಒಂದು ಯಂತ್ರ ಎಂಬ ಮಿನಿ-ಸ್ಪ್ಲಿಟ್ ಅದಕ್ಕೆ ಹೇಳಿಮಾಡಿಸಿದಂತಿತ್ತು. 1980ರ ದಶಕದ ಆರಂಭದಲ್ಲಿ ತೊಷಿಬಾ ಇನ್ವರ್ಟರ್ ಎಸಿಯನ್ನು ಮನೆಗಳಿಗೆ ತಂದಿತು. ಕಂಪ್ರೆಸರ್‌ನ ವೇಗ ಬೇಕಾದಷ್ಟು ಏರಿಳಿಯುವಂತಾಯಿತು. ತಂಪು ಮಾಡುವವರಿಗೆ ಅದು ಕರೆಂಟು ಉಳಿಸುವ ಸೌಕರ್ಯ. ಬಿಸಿ ಮಾಡುವವರಿಗೆ ಅದಕ್ಕಿಂತ ದೊಡ್ಡದು. ಚಳಿ ಹೆಚ್ಚಿದ ದಿನ ಕಂಪ್ರೆಸರನ್ನು ಮಾಮೂಲಿಗಿಂತ ಜೋರಾಗಿ ಓಡಿಸಿ ಕೊರತೆ ತುಂಬಬಹುದು ಎಂಬುದು ಮೊದಲ ಬಾರಿಗೆ ಸಾಧ್ಯವಾಯಿತು.

ಆದರೂ ವೇಗವೊಂದೇ ಸಾಲದು. ಮೈನಸ್ 15ರಲ್ಲಿ ಕಂಪ್ರೆಸರ್ ಎಳೆದುಕೊಳ್ಳುವ ಅನಿಲ ತೀರಾ ತೆಳುವಾಗಿರುತ್ತದೆ. ಒಂದೊಂದು ಸುತ್ತಿಗೂ ಒಳಬರುವ ಶೀತಕ ಕಡಿಮೆ, ಅದನ್ನು ಏರಿಸಬೇಕಾದ ಒತ್ತಡ ಜಾಸ್ತಿ. ಅಷ್ಟು ಅದುಮಿದಾಗ ಹೊರಬರುವ ಅನಿಲ ಅತಿಯಾಗಿ ಕಾಯುತ್ತದೆ, ಕಂಪ್ರೆಸರ್‌ನ ಎಣ್ಣೆ ಕೆಡುತ್ತದೆ. ಉತ್ತರವಾಗಿ ಬಂದದ್ದು ಇಂಜೆಕ್ಷನ್ ಉಪಾಯ. ಕೋಣೆಗೆ ಶಾಖ ಕೊಟ್ಟು ಮರಳುವ ಶೀತಕದಲ್ಲಿ ಒಂದು ಪಾಲನ್ನು ದಾರಿಯಲ್ಲೇ ತಿರುಗಿಸಿ, ಅರೆಬರೆ ಆವಿ ಮಾಡಿ, ಅದುಮುವ ಕೆಲಸ ಅರ್ಧಕ್ಕೆ ಬಂದಾಗ ಕಂಪ್ರೆಸರ್‌ನ ನಡುಭಾಗಕ್ಕೇ ಚುಚ್ಚುವುದು. ಅನಿಲ ತಣಿಯುತ್ತದೆ, ಜೊತೆಗೆ ಒಳಸುತ್ತುವ ಶೀತಕದ ಪ್ರಮಾಣವೂ ಹೆಚ್ಚುತ್ತದೆ. ಈ ಶತಮಾನದ ಮೊದಲ ದಶಕದಿಂದ ಮಿತ್ಸುಬಿಷಿ ಎಲೆಕ್ಟ್ರಿಕ್‌ನಂಥ ಕಂಪನಿಗಳು ಮೈನಸ್ 15ರಲ್ಲೂ ಪೂರ್ತಿ ಸಾಮರ್ಥ್ಯ, ಮೈನಸ್ 25ರಲ್ಲೂ ಓಟ ಎಂದು ಬರೆದುಕೊಟ್ಟು ಮಾರತೊಡಗಿದ್ದು ಇದರ ಬಲದಿಂದ. ಇಡೀ ಕಥೆಯಲ್ಲಿ ನಿಜವಾದ ತಿರುವು ಇದೇ ಎಂದು ನನ್ನ ಎಣಿಕೆ. ಜಾಹೀರಾತುಗಳಲ್ಲಿ ಮಿಂಚುವ ವೈ-ಫೈ ರಿಮೋಟ್ ಅಲ್ಲ.

ಹಾಗೆಂದು ಭೌತವಿಜ್ಞಾನದ ಲೆಕ್ಕ ಬದಲಾಗಿಲ್ಲ. ಹೊರಗೆ 7–8 ಡಿಗ್ರಿ ಇರುವಾಗ ಒಂದು ಯೂನಿಟ್ ಕರೆಂಟಿಗೆ ಮೂರು-ನಾಲ್ಕು ಯೂನಿಟ್ ಶಾಖ ಕೊಡುವ ಯಂತ್ರ, ಮೈನಸ್ 20ರಲ್ಲಿ ಎರಡರ ಆಸುಪಾಸಿಗೆ ಇಳಿಯುತ್ತದೆ. ಸಾದಾ ಹೀಟರ್ ಕೊಡುವುದು ಒಂದಕ್ಕೆ ಒಂದು. ಆದ್ದರಿಂದ ಆಗಲೂ ಹೀಟ್ ಪಂಪೇ ಮುಂದೆ. ತೊಂದರೆ ಬೇರೆ ಕಡೆ ಇದೆ. ಒಳಗೆ 20, ಹೊರಗೆ ಸೊನ್ನೆ ಇರುವಾಗ 5 ಕಿಲೋವ್ಯಾಟ್ ಶಾಖ ಸೋರುವ ಮನೆಯನ್ನು ತೆಗೆದುಕೊಳ್ಳಿ. ಹೊರಗೆ ಮೈನಸ್ 20 ಆದರೆ ಸೋರಿಕೆ 10 ಕಿಲೋವ್ಯಾಟ್. ಮನೆ ಇಮ್ಮಡಿ ಕೇಳುವ ಹೊತ್ತಿಗೇ ಯಂತ್ರದ ಕೈ ಕುಗ್ಗಿರುತ್ತದೆ. ಪೆಟ್ಟಿಗೆಯ ಮೇಲೆ ದೊಡ್ಡದಾಗಿ ಅಚ್ಚಾದ ಸಾಮರ್ಥ್ಯ 7 ಅಥವಾ 8 ಡಿಗ್ರಿಯದು. ಕೊಳ್ಳುವವರು ಹುಡುಕಬೇಕಾದದ್ದು ಒಳಪುಟದ ಕೋಷ್ಟಕದಲ್ಲಿ ಮೈನಸ್ 15ರ ಸಾಲನ್ನು. ಆ ಸಾಲೇ ಇಲ್ಲದ ಯಂತ್ರ ಕಡುಚಳಿಗೆ ಕಟ್ಟಿದ್ದಲ್ಲ. ಹಾಗಂತ ಭಯಕ್ಕೆ ಎರಡು ಪಟ್ಟು ದೊಡ್ಡದನ್ನು ಹಾಕಿಸಿದರೂ ಕಷ್ಟವೇ: ಸಾಧಾರಣ ಚಳಿಯಲ್ಲಿ ಅದು ಕನಿಷ್ಠ ವೇಗಕ್ಕಿಂತ ಕೆಳಗಿಳಿಯಲಾರದೆ, ಹತ್ತಿ ಆರಿ ಹತ್ತಿ ಆರಿ ಕರೆಂಟು ತಿನ್ನುತ್ತದೆ.

ಹೊಸದಾಗಿ ಹಾಕಿಸಿಕೊಂಡವರನ್ನು ಗಾಬರಿಪಡಿಸುವುದು ಡಿಫ್ರಾಸ್ಟ್. ಹೊರಗಿನ ಯೂನಿಟ್‌ನ ರೆಕ್ಕೆಗಳ ಮೇಲೆ ಗಾಳಿಯ ತೇವ ಹೆಪ್ಪುಗಟ್ಟಿ ಬಿಳಿಯ ಪದರ ಕೂರುತ್ತದೆ. ಪದರ ದಪ್ಪವಾದಾಗ ಯಂತ್ರ ತಾನೇ ದಿಕ್ಕು ಬದಲಿಸುತ್ತದೆ: ಕವಾಟ ‘ಟಕ್’ ಎನ್ನುತ್ತದೆ, ಎರಡೂ ಫ್ಯಾನ್ ನಿಲ್ಲುತ್ತವೆ, ಬಿಸಿ ಅನಿಲ ಹೊರಗೆ ಹೋಗುತ್ತದೆ, ಯೂನಿಟ್‌ನಿಂದ ಹಬೆ ಏಳುತ್ತದೆ. ಹೊಗೆ ಎಂದು ಹೆದರುವವರಿದ್ದಾರೆ. ಕೆಲವು ನಿಮಿಷ ಕೋಣೆಗೆ ಬಿಸಿ ಬರುವುದಿಲ್ಲ, ಆಮೇಲೆ ಎಲ್ಲ ಮಾಮೂಲು. ವಿಚಿತ್ರವೆಂದರೆ ಇದರ ಕಾಟ ಜಾಸ್ತಿ ಇರುವುದು ಸೊನ್ನೆಯ ಸುತ್ತಮುತ್ತಲಿನ ತೇವದ ದಿನಗಳಲ್ಲಿ. ಮೈನಸ್ 25ರ ಗಾಳಿ ಒಣಗಿರುತ್ತದೆ, ಹೆಪ್ಪುಗಟ್ಟಲು ತೇವವೇ ಕಡಿಮೆ. ಕರಗಿದ ನೀರು ಮಾತ್ರ ಕೆಳಗೆ ಬಿದ್ದು ಮತ್ತೆ ಮಂಜುಗಡ್ಡೆಯಾಗುತ್ತದೆ. ಯೂನಿಟ್ಟನ್ನು ನೆಲದ ಮೇಲಿಟ್ಟರೆ ಆ ಗಡ್ಡೆ ಬೆಳೆದು ಫ್ಯಾನಿನ ಎಲೆಗೆ ತಾಗುತ್ತದೆ. ಹಿಮ ಬೀಳುವಲ್ಲಿ ಅದನ್ನು ಎತ್ತರದ ಸ್ಟ್ಯಾಂಡ್ ಮೇಲೆ ಕೂರಿಸುವುದು, ತಳದ ತಟ್ಟೆಗೆ ಸಣ್ಣ ಹೀಟರ್ ಇಡುವುದು ಅದಕ್ಕೇ.

ಮಾತು ನಂಬದವರು ಲೆಕ್ಕ ನಂಬಿದರು. ನಾರ್ವೆಯಲ್ಲಿ 2002–03ರ ಚಳಿಗಾಲಕ್ಕೆ ಜಲಾಶಯಗಳು ಸೊರಗಿ ವಿದ್ಯುತ್ ದರ ಗಗನಕ್ಕೇರಿದಾಗ ಜನ ಮುಗಿಬಿದ್ದರು. ಈಗ ಅಲ್ಲಿನ ಅರ್ಧಕ್ಕಿಂತ ಹೆಚ್ಚು ಮನೆಗಳಲ್ಲಿ ಹೀಟ್ ಪಂಪ್ ಇದೆ. ಅಮೆರಿಕದ ಮೇನ್ ರಾಜ್ಯದಲ್ಲಿ ಬಹುಪಾಲು ಮನೆಗಳು ಎಣ್ಣೆ ಸುಟ್ಟು ಬೆಚ್ಚಗಿರುತ್ತಿದ್ದವು. 2025ರೊಳಗೆ ಒಂದು ಲಕ್ಷ ಹೀಟ್ ಪಂಪ್ ಎಂದು 2019ರಲ್ಲಿ ಗುರಿ ಇಟ್ಟುಕೊಂಡ ಆ ರಾಜ್ಯ, ಎರಡು ವರ್ಷ ಮೊದಲೇ ಅದನ್ನು ಮುಟ್ಟಿತು. ಅಮೆರಿಕದ ಇಂಧನ ಇಲಾಖೆ 2021ರಲ್ಲಿ ಕಂಪನಿಗಳಿಗೆ ಸವಾಲು ಹಾಕಿ, ಮೈನಸ್ 15ರಲ್ಲಿ ಪೂರ್ತಿ ಸಾಮರ್ಥ್ಯ ತೋರಿಸಿ ಎಂದಿತು.

ಈಗ ದೂರು ಬರುವುದು ಯಂತ್ರಕ್ಕಿಂತ ಹೆಚ್ಚಾಗಿ ಮನೆಯಿಂದ. ಹಜಾರದ ಗೋಡೆಯ ಮೇಲಿನ ಯೂನಿಟ್ ಬಾಗಿಲು ಮುಚ್ಚಿದ ಮಲಗುವ ಕೋಣೆಗೆ ಬಿಸಿ ತಲುಪಿಸಲಾರದು. ಪ್ರತಿ ಕೋಣೆಗೂ ಒಂದೊಂದು ಹಾಕಿ ಎಲ್ಲವನ್ನೂ ಒಂದೇ ಹೊರಗಿನ ಯೂನಿಟ್‌ಗೆ ಕಟ್ಟಿದರೆ ದಕ್ಷತೆ ಸಾಮಾನ್ಯವಾಗಿ ಕುಸಿಯುತ್ತದೆ. ರಾತ್ರಿ ಆರಿಸಿ ಬೆಳಿಗ್ಗೆ ಹಚ್ಚುವ ಹಳೆಯ ಅಭ್ಯಾಸವೂ ಇದಕ್ಕೆ ಆಗಿಬರದು, ಏಕೆಂದರೆ ದಿನದ ಅತ್ಯಂತ ತಣ್ಣನೆಯ ಹೊತ್ತಿನಲ್ಲೇ ಅದನ್ನು ಪೂರ್ತಿ ಓಡಿಸಿದಂತಾಗುತ್ತದೆ. ಇನ್ನು ‘ಬದಲಿ ವ್ಯವಸ್ಥೆಯೇ ಬೇಡ’ ಎನ್ನುವ ಮಾರಾಟಗಾರರ ಮಾತನ್ನು ನಾನಂತೂ ಒಪ್ಪುವುದಿಲ್ಲ. ಯಂತ್ರ ಮೈನಸ್ 25ನ್ನು ತಡೆದೀತು, ಕರೆಂಟು ಹೋದರೆ ಏನೂ ಮಾಡಲಾರದು. ಹಿಮಗಾಳಿ ಬೀಸಿ ತಂತಿ ಹರಿಯುವುದೂ ಅಂಥ ದಿನಗಳಲ್ಲೇ. ನಾರ್ವೆಯ ಎಷ್ಟೋ ಮನೆಗಳಲ್ಲಿ ಹೀಟ್ ಪಂಪ್ ಬಂದ ಮೇಲೂ ಸೌದೆ ಒಲೆಯನ್ನು ಕಿತ್ತುಹಾಕಿಲ್ಲ.