ಹಂಚಿನ ಮನೆಯ ಗಟರ್‌ಗೆ ಯಾವ ಜಾಲರಿ ಹೊಂದುತ್ತದೆ?

ಪ್ರಶ್ನೆ: ಶಿರಸಿ ಸಮೀಪದ ನಮ್ಮ ಹಂಚಿನ ಮನೆಯ ಸೂರಿಗೆ ಪಿವಿಸಿ ಗಟರ್ ಹಾಕಿಸಿದ್ದೇವೆ. ಮಾವು, ಹಲಸಿನ ಎಲೆ ಸೇರಿ ಮಳೆಗಾಲದಲ್ಲಿ ಪೈಪು ಕಟ್ಟಿಕೊಳ್ಳುತ್ತದೆ. ಮೇಲೆ ಜಾಲರಿ ಹಾಕಿಸುವುದಾದರೆ ಯಾವ ಬಗೆಯದು ಒಳ್ಳೆಯದು?

ಉತ್ತರ: ಕಸ ತಡೆಯುವುದಕ್ಕಿಂತ ಮೊದಲು ನೀರನ್ನು ಒಳಗೆ ಬಿಡುವ ಜಾಲರಿಯನ್ನು ಆರಿಸಿರಿ. ಒಂದು ಚದರ ಮೀಟರ್ ಮಾಡಿನ ಮೇಲೆ 1 ಮಿ.ಮೀ. ಮಳೆ ಬಿದ್ದರೆ 1 ಲೀಟರ್ ನೀರಾಗುತ್ತದೆ. 50 ಚದರ ಮೀಟರ್‌ನ ಒಂದು ಪಕ್ಕೆಗೆ ಗಂಟೆಗೆ 60 ಮಿ.ಮೀ. ವೇಗದಲ್ಲಿ ಮಳೆ ಸುರಿದರೆ ನಿಮಿಷಕ್ಕೆ 50 ಲೀಟರ್ ನೀರು ಸೂರಿಗೆ ಬಂದು ಬೀಳುತ್ತದೆ, ಮತ್ತು ಆರಿದ್ರಾ ಮಳೆಯ ಜೋರು ಹೊತ್ತಿನಲ್ಲಿ ಇಂತಹ ರಭಸ ನಮ್ಮ ಸೀಮೆಗೆ ಹೊಸದೇನೂ ಅಲ್ಲ. ಕಡಿದಾದ ಹಂಚಿನ ಮಾಡಿನಿಂದ ಜಾರಿ ಬರುವ ಆ ನೀರು, ತೀರ ಸಣ್ಣ ಕಣ್ಣಿನ ಜಾಲರಿಯಾದರೆ, ಒಳಗಿಳಿಯದೆ ಅದರ ಮೇಲೆಯೇ ಹಾರಿ ಅಂಗಳಕ್ಕೆ ಬೀಳುತ್ತದೆ. ಅಂಚು ಬಾಗಿಸಿದ ಮುಚ್ಚಳದಂತಹ ತಗಡುಗಳಿಗೂ ಇದೇ ದೋಷವಿದೆ. ಗಟರ್‌ನೊಳಗೆ ತುರುಕುವ ಸ್ಪಂಜಿನ ವಿಚಾರವನ್ನಂತೂ ಬಿಟ್ಟುಬಿಡಿ. ನಮ್ಮ ತೇವದಲ್ಲಿ ಅದು ಪಾಚಿ ಬೆಳೆಸುವ ತೊಟ್ಟಿಯಾಗುತ್ತದೆ.

ನಿಮ್ಮಂತಹ ಮನೆಗೆ ಸುಮಾರು 5 ಮಿ.ಮೀ. ರಂಧ್ರಗಳಿರುವ, ಗಟ್ಟಿಯಾದ ಅಲ್ಯೂಮಿನಿಯಂ ಹಾಳೆ ಸಾಕು. ಮಾವು, ಹಲಸಿನ ಅಗಲ ಎಲೆಗಳು ಅದರ ಮೇಲೆಯೇ ಉಳಿಯುತ್ತವೆ. ಮಾವಿನ ಹೂವಿನ ಪುಡಿ ಮತ್ತು ಹಂಚಿನಿಂದ ತೊಳೆದು ಬರುವ ಮಣ್ಣು ಒಳಗಿಳಿದರೂ ನೀರಿನೊಂದಿಗೆ ಬಹುಮಟ್ಟಿಗೆ ಹರಿದುಹೋಗುತ್ತವೆ. ಅಗ್ಗದ ಪ್ಲಾಸ್ಟಿಕ್ ಬಲೆಯು ಬೇಸಿಗೆಯ ಬಿಸಿಲಿಗೆ ಪೆಡಸಾಗಿ ಮುರಿಯುತ್ತದೆ, ಮಂಗಗಳ ಕೈಗೆ ಸಿಕ್ಕರೆ ಇನ್ನೂ ಬೇಗ.

ಕಾರವಾರ, ಅಂಕೋಲಾ ಕಡೆಯ ಓದುಗರು ಆರಿಸುವಾಗ ಎರಡು ಸಂಗತಿಗಳು ಬದಲಾಗುತ್ತವೆ. ಕಡಲ ಉಪ್ಪುಗಾಳಿಗೆ ಸತುವಿನ ಲೇಪದ ಕಬ್ಬಿಣದ ಬಲೆ ಬೇಗನೆ ತುಕ್ಕು ಹಿಡಿಯುತ್ತದೆ; ಸ್ಟೀಲ್ ಬೇಕಿದ್ದರೆ 304ಕ್ಕಿಂತ, ಮಾಲಿಬ್ಡಿನಂ ಬೆರೆತ 316 ದರ್ಜೆಯದು ಉಪ್ಪಿಗೆ ಹೆಚ್ಚು ತಾಳುತ್ತದೆ. ಆದರೆ ಗಟರ್ ಅಲ್ಯೂಮಿನಿಯಂನದಾಗಿದ್ದರೆ ಅದಕ್ಕೆ ಸ್ಟೀಲನ್ನು ನೇರವಾಗಿ ತಾಗಿಸಬಾರದು, ಉಪ್ಪುನೀರಿನ ಪಸೆಯಲ್ಲಿ ಅಲ್ಯೂಮಿನಿಯಂ ಸವೆಯುತ್ತದೆ. ಎರಡನೆಯದು ಗಾಳಿಮರ. ಅದರ ಸೂಜಿಯಂತಹ ಕಡ್ಡಿಗಳು 5 ಮಿ.ಮೀ. ರಂಧ್ರದಲ್ಲಿ ನೆಟ್ಟಗೆ ಇಳಿದು, ಅರ್ಧ ಒಳಗೆ ಅರ್ಧ ಹೊರಗೆ ಸಿಕ್ಕಿಕೊಂಡು, ಕೈಯಿಂದಲೇ ಒಂದೊಂದಾಗಿ ಕೀಳುವಂತಾಗುತ್ತದೆ. ಅಲ್ಲಿ ಮಾತ್ರ ಸಣ್ಣ ಕಣ್ಣಿನ ಬಲೆ ಅನಿವಾರ್ಯ. ಅದರ ಮೇಲೆ ಚಾಪೆಯಂತೆ ಹಾಸುವ ಕಡ್ಡಿಗಳನ್ನು ಮಳೆಗಾಲದಲ್ಲೂ ಪೊರಕೆಯಿಂದ ಗುಡಿಸುತ್ತಿರಬೇಕು.

ಇನ್ನೊಂದು ಮಾತು, ಅಂಗಡಿಯವರು ಇದನ್ನು ಸಾಮಾನ್ಯವಾಗಿ ಹೇಳುವುದಿಲ್ಲ. ಎಲೆ ಉದುರುವ ಕಾಲ ಮತ್ತು ಮಳೆಯ ಕಾಲ ಒಂದೇ ಆಗಿರುವ ದೇಶಗಳಲ್ಲಿ ಜಾಲರಿಗೆ ಕೆಲಸ ಹೆಚ್ಚು. ನಮ್ಮಲ್ಲಿ ದರಕಿನ ಬಹುಪಾಲು ಚಳಿಗಾಲದ ಕೊನೆಯಿಂದ ಬೇಸಿಗೆಯೊಳಗೆ ಬಿದ್ದು ಮುಗಿಯುತ್ತದೆ. ಆದ್ದರಿಂದ ಮೃಗಶಿರ ಮಳೆಗೆ ಮುನ್ನ, ಅಂದರೆ ಮೇ ಕೊನೆಯೊಳಗೆ, ಗಟರ್‌ನ ಕಸವನ್ನು ಒಮ್ಮೆ ಬಳಿದು ತೆಗೆದು, ಇಳಿಪೈಪಿನ ಬಾಯಿಗೆ ಬುಟ್ಟಿಯಾಕಾರದ ತಂತಿ ಜಾಲರಿಯೊಂದನ್ನು ಇಟ್ಟರೆ, ಮಾಡಿನ ಮೇಲೆ ಕೊಂಬೆ ಚಾಚದ ಎಷ್ಟೋ ಮನೆಗಳಿಗೆ ಉದ್ದಕ್ಕೂ ಜಾಲರಿ ಬೇಕಾಗುವುದೇ ಇಲ್ಲ. ನಿಮ್ಮ ಪೈಪು ಕಟ್ಟುವುದಕ್ಕೆ ಎಲೆಯಷ್ಟೇ ಕಾರಣವೋ, ಗಟರ್‌ನ ಇಳಿಜಾರೂ ಕಾರಣವೋ ಎಂಬುದನ್ನೂ ನೋಡಿರಿ. 10 ಮೀಟರ್ ಉದ್ದಕ್ಕೆ ಸುಮಾರು 5 ಸೆಂ.ಮೀ. ಇಳಿಜಾರು ಇಲ್ಲದಿದ್ದರೆ ನೀರು ನಿಂತು ಮಣ್ಣು ಕೂಡುತ್ತದೆ, ಸೊಳ್ಳೆಯೂ ಹುಟ್ಟುತ್ತದೆ. ಜಾಲರಿ ಅದನ್ನು ಸರಿಪಡಿಸದು, ಕಣ್ಣಿಗೆ ಮರೆಮಾಡುತ್ತದೆ ಅಷ್ಟೆ.

ಹಾಕಿಸುವಾಗ ಹಾಳೆಯನ್ನು ಹಂಚಿನ ಅಡಿಗೆ ತೂರಿಸಲು ಬಿಡಬೇಡಿ, ಹಂಚು ಎದ್ದು ಗಾಳಿಮಳೆ ಒಳಗೆ ಎರಚುತ್ತದೆ. ಗಟರ್‌ನ ಅಂಚಿಗೇ ಕ್ಲಿಪ್‌ನಿಂದ, ಬಿಚ್ಚಲು ಬರುವಂತೆ ಕೂರಿಸಬೇಕು. ಎರಡು ಮಾಡುಗಳು ಕೂಡುವ ಮೂಲೆಯಲ್ಲಿ ನೀರು ಒಂದೇ ಧಾರೆಯಾಗಿ ಬರುವುದರಿಂದ ಅಲ್ಲಿ ಒಂದು ಮೀಟರ್‌ನಷ್ಟು ಜಾಗವನ್ನು ತೆರೆದೇ ಇಟ್ಟು, ಗಟರ್‌ನ ಹೊರಅಂಚಿಗೆ ಗೇಣುದ್ದದ ತಗಡನ್ನು ನೆಟ್ಟಗೆ ನಿಲ್ಲಿಸಿರಿ.